ಚೌಕಾಸಿ ಮಾಡದವನು

ಜೂನ್ 8, ಭಾನುವಾರ

ಇವತ್ತೂ ಪ್ಯಾಕಿಂಗ್. ಪುಸ್ತಕಕ್ಕೇ ಎಂಟು ಡಬ್ಬ. ರಾಮನಗರದ ಹೊಸ ಮನೆ ಮೊದಲ ಮಹಡಿ, ಅಟ್ಟ ಇಲ್ಲ. ಚನ್ನಪಟ್ಟಣದ ಈ ಅಟ್ಟದಲ್ಲಿರುವುದಕ್ಕೆಲ್ಲ ಒಂದು ತೀರ್ಮಾನ ಆಗಬೇಕು.

ಮಧ್ಯಾಹ್ನ ತೊಟ್ಟಿಲು ಇಳಿಸಿದೆ. 2003ರಲ್ಲಿ ಬೊಂಬೆ ಮಾಡುವ ಮೆಹಬೂಬ್ ಅವರ ಅಂಗಡಿಯಲ್ಲಿ ಹೇಳಿ ಕಡೆಸಿದ್ದು. ಹೆಂಡತಿ ಲತಾಮಣಿ ಆಗ ಏಳು ತಿಂಗಳ ಬಸುರಿ. ಆಮೇಲೆ ಮಗು ಎರಡು ದಿನ ಇತ್ತು, ಆಸ್ಪತ್ರೆಯಲ್ಲೇ. ತೊಟ್ಟಿಲಿನಲ್ಲಿ ಯಾರೂ ಮಲಗಲಿಲ್ಲ. ಒರೆಸಿದರೆ ಅರಗಿನ ಕೆಂಪು, ಹಳದಿ ಇನ್ನೂ ಹೊಸದರಂತೆ.

"ಯಾರಾದ್ರೂ ನೆಂಟರಿಗೆ ಕೊಡೋಣ್ವಾ?" ಎಂದೆ.

"ಬೇಡ. ಕತೆ ಗೊತ್ತಿರೋರು ಇದ್ರಲ್ಲಿ ಮಗು ಮಲಗಿಸಲ್ಲ." ಎಂದಳು ಲತಾಮಣಿ. "ಮಾರ್ಬಿಡಿ. ಆದ್ರೆ ಕೂಸಿರೋ ಮನೆಗೆ ಹೋಗ್ಲಿ. ಅಷ್ಟೇ ನಾನ್ ಕೇಳೋದು."

ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಹಾಕಿದೆ. ಬೆಲೆ ಒಂದಿಷ್ಟು ಹೆಚ್ಚೇ ಹಾಕಿದ್ದೇನೆ. ಇಳಿಸಲು ಜಾಗ ಬೇಕಲ್ಲ.

ಜೂನ್ 9, ಸೋಮವಾರ

ಮೊದಲ ಗಿರಾಕಿ. ಮಿಲಿಟರಿಯವನಂತೆ. ಡಿಪಿಯಲ್ಲಿ ಯೂನಿಫಾರ್ಮ್. ಹಿಂದಿ. ಟ್ರಕ್ ಕಳಿಸುತ್ತೇನೆ, ದುಡ್ಡು ಈಗಲೇ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ...

ಬ್ಯಾಂಕಿನ ಕೌಂಟರಿನಲ್ಲಿ ಕೂತು ಇಪ್ಪತ್ತಾರು ವರ್ಷ. ವಾರಕ್ಕೊಬ್ಬರಾದರೂ ಹೀಗೆ ಕಳೆದುಕೊಂಡು ಬಂದು ನನ್ನೆದುರು ನಿಲ್ಲುತ್ತಾರೆ. ಅದಕ್ಕೇ ನಾನೇ ಒಂದು ಹಾಳೆ ಬರೆದು ಗಾಜಿಗೆ ಅಂಟಿಸಿದ್ದೇನೆ. ದುಡ್ಡು ಬರಲು ಪಿನ್ ಬೇಡ, ಹೋಗಲು ಮಾತ್ರ ಬೇಕು — ಅದರ ಮೊದಲ ಸಾಲು.

ಬ್ಲಾಕ್.

ಜೂನ್ 10, ಮಂಗಳವಾರ

ಎರಡನೆಯವನು ದುಡ್ಡು ಹಾಕಿದ್ದಕ್ಕೆ ಸ್ಕ್ರೀನ್‌ಶಾಟ್ ಕಳಿಸಿದ. ಸೊನ್ನೆಯೊಂದು ಹೆಚ್ಚು ಬಿದ್ದಿದೆ ಅಣ್ಣ, ಮಿಕ್ಕಿದ್ದು ವಾಪಸ್ ಹಾಕಿ, ಆಸ್ಪತ್ರೆಯಲ್ಲಿದ್ದೇನೆ ಎಂದ. ಖಾತೆ ತೆರೆದು ನೋಡಿದೆ. ಏನೂ ಬಂದಿಲ್ಲ. ಹಾಳೆಯ ಎರಡನೇ ಸಾಲು: ಸ್ಕ್ರೀನ್‌ಶಾಟ್ ದುಡ್ಡಲ್ಲ.

ಬ್ಲಾಕ್. ಒಂಥರಾ ತೃಪ್ತಿ. ಅದನ್ನೂ ಬರೆದಿಡಬೇಕು.

ಜೂನ್ 12, ಗುರುವಾರ

ಇವನು ಬೇರೆ ತರಹ. ಹೆಸರು ಲೋಕೇಶ್, ಉಯ್ಯಂಬಳ್ಳಿ ಕಡೆಯವನು ಎಂದ.

"ತೊಟ್ಲು ಐತಾ ಸಾರ್?"

"ಇದೆ. ಬಂದು ನೋಡಿ."

"ನೋಡಾದೇನೈತೆ, ಪೋಟೋದಲ್ಲೇ ಕಾಣ್ತದಲ್ಲ. ಮನೇಲೂ ಒಪ್ಕಂಡವ್ರೆ. ನೀವ್ ಹಾಕಿರೋ ರೇಟೇ ಇರ್ಲಿ."

"ಹಾಗಾದ್ರೆ ಸ್ವಲ್ಪ ಅಡ್ವಾನ್ಸ್ ಹಾಕಿ."

"ಅದೊಂದ್ ಮಾತ್ರ ಕೇಳ್ಬ್ಯಾಡಿ ಸಾರ್."

"ಯಾವತ್ತು ಬರ್ತೀರಿ?"

"ಈಗ್ಲೇ ಯೋಳಕಾಗಕಿಲ್ಲ. ಬ್ಯಾರೆಯವ್ರಿಗೆ ಕೊಟ್ಬುಡ್ಬ್ಯಾಡಿ, ಅಷ್ಟೇಯ."

"ಯಾರಿಗೆ ಬೇಕಿತ್ತು ತೊಟ್ಟಿಲು?"

ಹಿಂದಿನಿಂದ ವಯಸ್ಸಾದ ಹೆಂಗಸಿನ ದನಿ — "ಮಡುಗ್ಲಾ ಫೋನು!" ಇಟ್ಟ.

ಹಾಳೆಯ ಐದನೇ ಸಾಲು: ಚೌಕಾಸಿ ಮಾಡದವನು ಗಿರಾಕಿಯಲ್ಲ. ಆರು: ವಸ್ತು ನೋಡದೆ ಒಪ್ಪುವವನು. ಏಳು: ದಿನ, ವಿಳಾಸ ಹೇಳದವನು. ಮೂರೂ ಹೊಂದುತ್ತವೆ. ಇವನು ಇನ್ನೂ ಏನು ಕೇಳಲಿದ್ದನೋ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇಲ್ಲ.

ಬ್ಲಾಕ್.

ಜೂನ್ 15, ಭಾನುವಾರ

ಬೆಂಗಳೂರಿನ ಒಬ್ಬರು. ಕೆಫೆ ಇಟ್ಟಿದ್ದಾರೆ. ಎರಡು ದಿನ ಚೆನ್ನಾಗಿ ಚೌಕಾಸಿ ಮಾಡಿದರು. ಮುಂದಿನ ಭಾನುವಾರ ಬಂದು, ನೋಡಿ, ಕೈಯಲ್ಲೇ ಕೊಟ್ಟು ಒಯ್ಯುತ್ತಾರೆ. ಎಲ್ಲ ಕ್ರಮವಾಗಿದೆ.

ಊಟಕ್ಕೆ ಕೂತಾಗ ಹೇಳಿದೆ. "ಅದ್ರಲ್ಲಿ ಗಿಡ ಇಡ್ತಾರಂತೆ. ಬಾಗಿಲ ಹತ್ರ ತೂಗು ಹಾಕಿ."

ಲತಾಮಣಿ ಸಾರು ಬಡಿಸುತ್ತಿದ್ದಳು. "ಬೇರೆ ಯಾರೂ ಕೇಳಲೇ ಇಲ್ವಾ?"

ಮೂವರ ಕತೆಯನ್ನೂ ಹೇಳಿದೆ. ಯೂನಿಫಾರ್ಮಿನವನಿಗೆ ನಕ್ಕಳು. ಲೋಕೇಶನ ಮಾತನ್ನು ಅವನ ದನಿಯಲ್ಲೇ ಆಡಿ ತೋರಿಸಿದೆ. ನಗಲಿಲ್ಲ. ಸೌಟು ಪಾತ್ರೆಗೆ ಬಿಟ್ಟಳು.

"ಎಷ್ಟು ತಿಂಗಳಂತೆ?"

ಅರ್ಥವಾಗಲಿಲ್ಲ. ನಿಜವಾಗಿಯೂ ಆಗಲಿಲ್ಲ.

"ಬಸುರಾಗಿದ್ದು ಎರಡ್ಮೂರು ಸಲ ಕೈತಪ್ಪಿ ಹೋಗಿರ್ಬೇಕು ಆ ಮನೇಲಿ. ಅದಕ್ಕೇ ಅಷ್ಟು ಭಯ. ನೋಡೋಕೆ ಬರಲ್ಲ, ದಿನ ಹೇಳಲ್ಲ, ರೇಟಿಗೆ ಎದುರು ಮಾತಾಡಲ್ಲ. ಹೊಟ್ಟೇಲಿರೋ ಸುದ್ದೀನ ಗುರ್ತಿಲ್ಲದ ಗಂಡಸಿಗೆ ಫೋನಲ್ಲಿ ಹೇಳ್ತಾರಾ? ಕೂಸು ಹುಟ್ಟೋಕೆ ಮುಂಚೆ ತೊಟ್ಲಿಗೆ ಯಾರ್ರೀ ಅಡ್ವಾನ್ಸ್ ಕೊಡ್ತಾರೆ?" ತಟ್ಟೆ ನೋಡುತ್ತ ಹೇಳಿದಳು: "ನಮ್ಮನ್ನ ಬಿಟ್ರೆ."

2003ರಲ್ಲಿ ಅಮ್ಮ ಬೇಡ ಎಂದಿದ್ದಳು. ನನಗೆ ನಗು ಬಂದಿತ್ತು. ಮುಂಗಡ ಕೊಟ್ಟು, ರಸೀದಿ ತಂದು, ಅಮ್ಮನಿಗೆ ತೋರಿಸಿದ್ದೆ. ಆ ಮಾತಿಗೂ ಮಗುವಿಗೂ ಸಂಬಂಧವಿಲ್ಲ. ಇದನ್ನು ಈ ಡೈರಿಗಳಲ್ಲಿ ಎಷ್ಟು ಸಲ ಬರೆದಿದ್ದೇನೋ.

ಜೂನ್ 16, ಸೋಮವಾರ, ಸಂಜೆ 6

ಅನ್‌ಬ್ಲಾಕ್ ಮಾಡಿ ಲೋಕೇಶನಿಗೆ ಫೋನ್ ಮಾಡಿದೆ. ಅಡ್ವಾನ್ಸ್ ಬೇಡ, ದಿನ ಹೇಳುವುದೂ ಬೇಡ, ತೊಟ್ಟಿಲು ನಿಮಗೇ ಇಟ್ಟಿರುತ್ತೇನೆ ಎಂದೆ.

"ಯಾಕ್ ಸಾರ್?"

"ಯಾಕೆ ಅಂದ್ರೆ... ಸುಮ್ನೆ."

"ಬ್ಲಾಕ್ ಮಾಡ್ಬುಟ್ಟು ಈಗ ನೀವೇ ಮಾಡ್ತೀರಿ. ದುಡ್ಡೂ ಬ್ಯಾಡ ಅಂತೀರಿ. ನಮ್ ಬಾವ ಯೋಳವ್ನೆ, ದುಡ್ಡು ಬ್ಯಾಡ ಅನ್ನೋರ್ನ ಮೊದ್ಲು ನಂಬಬ್ಯಾಡ ಅಂತ. ಓಟಿಪಿ ಗೀಟಿಪಿ ಕೇಳುದ್ರೆ ಕೊಡಕಿಲ್ಲ ನೋಡಿ!"

ನ್ಯಾಯವೇ. ನನ್ನ ಹಾಳೆಯಲ್ಲೂ ಅಂಥದೊಂದು ಸಾಲಿದೆ.

ಲತಾಮಣಿ ಫೋನ್ ಕಿತ್ತುಕೊಂಡಳು. "ಮನೇಲಿ ದೊಡ್ಡೋರಿದ್ರೆ ಕೊಡಪ್ಪ." ಹಿತ್ತಲಿಗೆ ಹೋದಳು. ಇಪ್ಪತ್ತು ನಿಮಿಷ. ನಾನು ಡಬ್ಬಗಳಿಗೆ ಟೇಪ್ ಸುತ್ತುತ್ತಿದ್ದೆ.

ಬಂದು ಹೇಳಿದ್ದು ಇಷ್ಟು: ಅವನ ತಾಯಿ ವೆಂಕಟಲಕ್ಷ್ಮಮ್ಮ. ಸೊಸೆ ಭಾನುಪ್ರಿಯ. ಎರಡು ಸಲ ಹೋಗಿದೆ. ಈಗ ಏಳು ತುಂಬಿದೆ. ಫೋಟೋ ನೋಡಿ ಆ ಹುಡುಗಿಗೆ ಮನಸ್ಸು ಬಿದ್ದಿದೆ.

"ನಮ್ಮ ಕತೇನೂ ಹೇಳ್ದೆ," ಎಂದಳು.

"ಯಾಕೆ ಹೇಳಿದೆ?"

"ಮುಚ್ಚಿಟ್ಟು ಮಾರಿದ್ರೆ ಅದು ಮೋಸ ಅಲ್ವಾ?"

"ಏನಂದ್ರು?"

"'ತೊಟ್ಲು ಏನ್ ಮಾಡೀತವ್ವಾ ಪಾಪ' ಅಂದ್ರು."

ಕೆಫೆಯವರಿಗೆ ಇಲ್ಲ ಎಂದೆ. ನಿಮ್ಮಂಥವರಿಂದಲೇ ಆನ್‌ಲೈನ್ ಹಾಳಾಗಿರುವುದು ಎಂದರು.

ಜುಲೈ 6, ಭಾನುವಾರ

ಮನೆ ಬದಲಾಯಿಸಿದ್ದಾಯಿತು. ತೊಟ್ಟಿಲೂ ಟೆಂಪೋದಲ್ಲಿ ಬಂತು. ಲತಾಮಣಿ ಹಾಲ್‌ನ ಮೂಲೆಯಲ್ಲಿ ಇಟ್ಟು, ಹಳೇ ದುಪ್ಪಟಿ ಹೊದಿಸಿದ್ದಾಳೆ. ಓಡಾಡುವಾಗ ಕಾಲಿಗೆ ತಗಲುತ್ತದೆ.

ಆಗಸ್ಟ್ 3, ಭಾನುವಾರ

ಫೋನ್ ಇಲ್ಲ. ನಾವೂ ಮಾಡಿಲ್ಲ. ಮಾಡುವಂತಿಲ್ಲ.

ಆನ್‌ಲೈನ್‌ನಿಂದ ಫೋಟೋ ತೆಗೆದು ತಿಂಗಳ ಮೇಲಾಯಿತು. ಬ್ಯಾಂಕಿನ ಹಾಳೆಯನ್ನು ಇಂದಿಗೂ ತೆಗೆದಿಲ್ಲ. ಐದನೇ ಸಾಲನ್ನು ತಿದ್ದೋಣವೆಂದು ಮೊನ್ನೆ ಪೆನ್ ಹಿಡಿದೆ. ತಿದ್ದಲಿಲ್ಲ. ಸಾಲು ಸರಿಯಾಗಿಯೇ ಇದೆ.

ಆಗಸ್ಟ್ 17, ಭಾನುವಾರ

ಇಲ್ಲ.

ಲತಾಮಣಿ ಮೂಲೆಯ ಕಡೆ ಕಸ ಗುಡಿಸುವಾಗ ನಿಧಾನ ಮಾಡುತ್ತಾಳೆ. ಲೆಕ್ಕದ ಪ್ರಕಾರ ಹೆರಿಗೆಯ ದಿನ ಈ ವಾರವೇ ಕಳೆದುಹೋಗಿದೆ. ಲೆಕ್ಕ ನಾನೂ ಹಾಕಿದ್ದೇನೆ ಎಂದು ಅವಳಿಗೆ ಹೇಳಿಲ್ಲ.

ಆಗಸ್ಟ್ 24, ಭಾನುವಾರ, ಬೆಳಿಗ್ಗೆ 10

ಉಯ್ಯಂಬಳ್ಳಿಯ ನಂಬರು. ಎರಡು ರಿಂಗ್ ಆಗಲು ಬಿಟ್ಟೆ. ಯಾಕೋ.

"ಸಾರ್, ನಾನು ಲೋಕೇಶ. ತೊಟ್ಲು ಐತಲ್ಲ?"

"ಇದೆ."

"ಆ ರೇಟು ಜಾಸ್ತಿ ಆಯ್ತು ಸಾರ್! ಇಪ್ಪತ್ತು ವರ್ಸದ್ ಹಳೇದು, ಅದುಕ್ಕೆ ಅಷ್ಟೊಂದಾ? ಒಸಿ ನೋಡಿ ಯೋಳಿ. ಬುಧವಾರ ಗಾಡಿ ತತ್ತೀನಿ, ಅಡ್ರೆಸ್ ಕಳ್ಸಿ. ಗುರುವಾರ ಹೆಸ್ರು ಮಡಗ್ಬೇಕು."

ಹಿಂದೆ ವೆಂಕಟಲಕ್ಷ್ಮಮ್ಮನ ದನಿ: "ಅರ್ಧಕ್ ಕೇಳ್ಲಾ!" ಅದರ ಹಿಂದೆ ಇನ್ನೊಂದು ದನಿ, ತೆಳ್ಳಗೆ, ಬಿಟ್ಟು ಬಿಟ್ಟು.

ಲತಾಮಣಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ. ನನ್ನನ್ನೇ ನೋಡುತ್ತಿದ್ದಳು.

"ಚೌಕಾಸಿ ಮಾಡ್ತಿದ್ದಾನೆ," ಎಂದೆ.

ಅವಳು ಮೂಲೆಗೆ ಹೋಗಿ ದುಪ್ಪಟಿ ಎಳೆದಳು. ಧೂಳು ಎದ್ದಿತು. ನಾನು ಫೋನಿಗೆ ಹೇಳಬೇಕಾದ ಬೆಲೆ ಯೋಚಿಸುತ್ತಿದ್ದೆ. ಇಳಿಸಲು ಜಾಗ ಬೇಕಲ್ಲ.