ಗೇಟಿನ ಪುಸ್ತಕದ ಹನ್ನೊಂದು ದಿನ

ತುಮಕೂರು
ಬೇಸಿಗೆ ತಿಂಗಳ ತೊಂಬತ್ತಾರನೇ ದಿನ, 2121

2026ರಲ್ಲಿ ಗೇಟು ಹಾಕಿಕೊಂಡು ಬದುಕುತ್ತಿರುವವರಿಗೆ,

ತಿಂಗಳಿಗೆ ತೊಂಬತ್ತಾರು ದಿನ ಎಲ್ಲಿಂದ ಬಂತು ಎನ್ನಬೇಡಿ. ನಮ್ಮಲ್ಲಿ ಸೆಕೆ ಇಳಿಯುವವರೆಗೂ ಒಂದೇ ತಿಂಗಳು. ನನ್ನ ಮಾತು ನಿಮಗೆ ಅರ್ಥವಾಗದಿದ್ದರೆ ತಪ್ಪು ನನ್ನದು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅರ್ಥವಾಗಿಯೂ ಆಗದವರಂತೆ ಕೂತರೆ ತಪ್ಪು ನಿಮ್ಮದು. ಹೆಸರು ಸುಗುಣಿ. ವಯಸ್ಸು ಹದಿನೆಂಟು. ತಂಪುಮನೆಯ ಗಾಳಿಕೊಳವೆ ತೊಳೆಯುವುದು ನನ್ನ ಕೆಲಸ.

ತಂಪುಮನೆ ಎಂದರೆ ನೆಲದಡಿಯ ದೊಡ್ಡ ಹಜಾರ. ಬೆಳಿಗ್ಗೆ ಒಂಬತ್ತರ ಮೇಲೆ ಹೊರಗಿದ್ದರೆ ವಯಸ್ಸಾದವರು ಉಳಿಯುವುದಿಲ್ಲ, ಅದಕ್ಕೆ ಊರೇ ಕೆಳಗೆ ಇಳಿಯುತ್ತದೆ. ಸೊಪ್ಪು ಸೋಸುವುದು, ಮಕ್ಕಳಿಗೆ ಪಾಠ, ಮದುವೆ ಮಾತುಕತೆ, ಜಗಳ, ಎಲ್ಲ ಅಲ್ಲೇ. ಊರೇ ಎಂದೆ, ಅದು ಸುಳ್ಳು. ಬೇರುಚೀಟಿ ಇದ್ದವರು ಮಾತ್ರ. ನಿಮ್ಮ ಕಾಲದಲ್ಲಿ ತಮ್ಮ ಹಿರಿಯರೊಬ್ಬರು ಈ ಊರಲ್ಲಿ ವರ್ಷಪೂರ್ತಿ ಇದ್ದರೆಂದು ತೋರಿಸಿದವರಿಗೆ ಆ ಚೀಟಿ ಸಿಗುತ್ತದೆ. ಮನೆಪತ್ರ ಇರುವ ವಂಶದವರಿಗೆ ಎರಡು ನಿಮಿಷದ ಕೆಲಸ. ನಮ್ಮಂಥವರು ಕೊಳವೆ ತೊಳೆಯಲು ಒಳಗೆ ಹೋಗಬಹುದು, ತೊಳೆದ ಮೇಲೆ ಹೊರಗೆ ಬರಬೇಕು.

ನನ್ನ ಅಜ್ಜಿ ಸಹನಾಗೆ ಎಪ್ಪತ್ತೊಂದು. ಈ ಬೇಸಿಗೆಯಲ್ಲಿ ಎರಡು ಸಲ ಎಚ್ಚರ ತಪ್ಪಿ ಬಿದ್ದಳು. ಮೂರನೆಯ ಸಲ ಎಬ್ಬಿಸಲು ಆಗುವುದಿಲ್ಲ ಎಂದರು ಡಾಕ್ಟರು. ಅವಳ ತಾಯಿಯ ತಾಯಿ ಸಿದ್ಧಗಂಗಮ್ಮ ನಿಮ್ಮ ಕಾಲದವಳು, ಒಂದು ಅಪಾರ್ಟ್‌ಮೆಂಟಿನ 302ನೇ ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದವಳು. ಆ ಅಪಾರ್ಟ್‌ಮೆಂಟಿನ ಗೇಟಿನ ಪುಸ್ತಕ ಹಳೆ ಲೈಬ್ರರಿಯಲ್ಲಿ ಸಿಕ್ಕಿತು. ಹಿಡಿದುಕೊಂಡು ಚೀಟಿ ಆಫೀಸಿಗೆ ಹೋದೆವು.

‘ಹೆಸರು ತೋರ್ಸಮ್ಮ, ಹೆಸರು,’ ಎಂದರು ಅಧಿಕಾರಿ ಮೃದುಲಾ.

ಏನು ತೋರಿಸುವುದು? ಪ್ರತಿ ಪುಟದಲ್ಲೂ ‘302, ಕೆಲಸದವಳು’. ಅದರ ಕೆಳಗೇ ‘ಬ್ರೂನೋ, 302, ವಾಕಿಂಗ್’. ಬ್ರೂನೋ ಅವರ ನಾಯಿ.

‘ನಾಯಿ ಮೊಮ್ಮಕ್ಳು ಬಂದಿದ್ರೆ ಕೊಡ್ತಿದ್ರಾ ಚೀಟಿ?’ ಎಂದೆ.

‘ಬಾಯ್ಮುಚ್ಚೇ,’ ಎಂದಳು ಅಜ್ಜಿ. ‘ಮೇಡಂ, ಇವ್ಳು ಹುಟ್ಟಿದ್ದೇ ಹಿಂಗೆ. ನಮ್ಮಮ್ಮ ಭವ್ಯ ಇಲ್ಲೇ ಹುಟ್ಟಿದ್ದು, ಆಸ್ಪತ್ರೆ ಕಾಗ್ದ ಐತೆ ನೋಡಿ.’

‘ಹೆರಿಗೆಗೆ ಸುತ್ತಲ ಹಳ್ಳಿಯೋರೂ ಬಂದ್ಹೋಗ್ತಿದ್ರು. ಅದು ನಡ್ಯಲ್ಲ ಅಜ್ಜಿ.’

ಪುಸ್ತಕ ಮನೆಗೆ ತಂದು ಮೂರು ದಿನ ಓದಿದೆ. ನಿಮ್ಮ ಸಮಾಜ ಹೇಗಿತ್ತೆಂದು ತಿಳಿಯಲು ಬೇರೆ ಪುಸ್ತಕ ಬೇಕಾಗಿಲ್ಲ. ಮನೆಯವರು ಬಂದದ್ದು ಹೋದದ್ದು ಅದರಲ್ಲಿಲ್ಲ, ಅವರ ಮೇಲೆ ಯಾರಿಗೂ ಅನುಮಾನವಿಲ್ಲ. ಪಾತ್ರೆ ತೊಳೆಯುವವಳು, ಹಾಲಿನವನು, ಪಾರ್ಸೆಲ್‌ನವನು, ಇವರದು ನಿಮಿಷ ಸಮೇತ ಬರೆದಿದ್ದೀರಿ. ಮನಿಲಾದಲ್ಲಿ, ನೈರೋಬಿಯಲ್ಲಿ ಇದೇ ಚೀಟಿಗೆ ಅಲೆಯುವವರು ನಮಗೆ ಕಾಗದ ಬರೆಯುತ್ತಾರೆ: ನಮ್ಮ ಮುತ್ತಜ್ಜಿಯರಿಗೂ ಹೆಸರಿಲ್ಲ, ಹೊತ್ತು ಮಾತ್ರ ಇದೆ. ದೇಶ ಬೇರೆಯಾದರೂ ಕಾಯುತ್ತಿದ್ದದ್ದು ಅದೇ ಗೇಟು.

ಮೂರನೇ ದಿನ ಕಣ್ಣಿಗೆ ಬಿತ್ತು. ವರ್ಷವಿಡೀ ಬೆಳಿಗ್ಗೆ ಆರೂಹತ್ತಕ್ಕೆ ಒಳಗೆ ಬಂದವಳು ಸೆಪ್ಟೆಂಬರ್ ನಾಲ್ಕರಿಂದ ಹದಿನಾಲ್ಕರವರೆಗೆ ಬಂದಿಲ್ಲ. ಮೂರರ ಸಂಜೆಯವರೆಗೂ ಬಂದಿದ್ದಾಳೆ. ಹದಿನೈದಕ್ಕೆ ಮತ್ತೆ ಆರೂಹತ್ತು. ಆಸ್ಪತ್ರೆ ಕಾಗದದಲ್ಲಿ ಭವ್ಯ ಹುಟ್ಟಿದ್ದು ಅದೇ ವರ್ಷದ ಸೆಪ್ಟೆಂಬರ್ ನಾಲ್ಕರ ಬೆಳಗಿನ ಜಾವ.

ಹನ್ನೊಂದು ದಿನ ರಜೆ ಕೊಟ್ಟಿದ್ದರಲ್ಲ ಎಂದಾಗ ಅಜ್ಜಿ ನಕ್ಕಳು. ‘ರಜ ಅಲ್ಲ ಕಣೇ, ಪುರುಡು. ಹೆತ್ತೋಳು ಹನ್ನೊಂದ್ ದಿನ ನಮ್ಮ ಹೊಸಿಲು ತುಳೀಬಾರ್ದು ಅಂದಿದ್ಲಂತೆ ಆ ಮನೆಯಾಕೆ. ಮೈಲಿಗೆ ಪುಣ್ಯದಿಂದ ಬೆನ್ನು ನೆಲಕ್ಕೆ ಹಾಕ್ದೆ ಅಂತ ನಮ್ಮಜ್ಜಿ ಸಾಯೋವರ್ಗೂ ಹೇಳೋಳು.’

ಮರುದಿನ ಗೇಟಿನ ಪುಸ್ತಕ, ಆಸ್ಪತ್ರೆ ಕಾಗದ ಎರಡನ್ನೂ ಮೃದುಲಾ ಮೇಡಂ ಮುಂದೆ ಹರಡಿದೆ. ಅವರು ಬೆರಳಿಟ್ಟು ದಿನ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

‘ಇದು ಬೇರೆ ಯಾರೋ ಇರ್ಬಹುದು.’

‘ಇರ್ಬಹುದು ಮೇಡಂ. ಅವತ್ತೇ ಹೆತ್ತು, ಹನ್ನೆರಡನೇ ದಿನ 302ರಲ್ಲಿ ಪಾತ್ರೆ ಉಜ್ಜಿದೋಳು ಇನ್ನೊಬ್ಳು ಇದ್ರೆ ಹುಡುಕ್ಸಿ. ಅವ್ಳ ಮನೆಯೋರ್ಗೂ ಕೊಡಿ ಚೀಟಿ.’

ಅವರು ಅಜ್ಜಿಯ ಹೆಸರಿಗೆ ಚೀಟಿ ಬರೆದರು. ಆಮೇಲೆ ಸೀಲು ಒತ್ತಿದರು.

ಅಜ್ಜಿ ಈಗ ಕೆಳಗಿದ್ದಾಳೆ, ಚಳಿ ಅಂತ ಬೈಯುತ್ತಿದ್ದಾಳೆ. ನಮ್ಮ ಹಿಂದೆ ಸಾಲಿನಲ್ಲಿ ನಲವತ್ತಮೂರು ಜನ ಇದ್ದರು. ಅವರ ಹಿರಿಯರು ದುಡಿದ ಕಡೆಯ ಗೇಟಿನ ಪುಸ್ತಕಗಳನ್ನು ಹರಡಿಕೊಂಡು ಕೂತಿದ್ದೇನೆ. ಜ್ವರ, ಸಾವು, ಗಂಡನ ಏಟು, ಯಾವುದಕ್ಕಾದರೂ ಒಂದೆರಡು ದಿನ ತಪ್ಪಿಸಿಯೇ ಇರುತ್ತಾರೆ. ಹುಡುಕಿಯೇ ಹುಡುಕುತ್ತೇನೆ. ಆದರೆ ಒಂದು ದಿನವೂ ತಪ್ಪಿಸದೆ ದುಡಿದವರನ್ನು ನಾನು ಹೇಗೆ ಹುಡುಕಲಿ? ಅದು ನಿಮ್ಮಿಂದ ಮಾತ್ರ ಆಗುವ ಕೆಲಸ. ನಾಳೆ ಬೆಳಿಗ್ಗೆ ಗೇಟಿಗೆ ಇಳಿದು ಬನ್ನಿ. ನಿಮ್ಮ ಮನೆಯ ಕೆಲಸದವಳನ್ನು ಕೇಳಿ, ಅವಳು ಹೇಳಿದ ಹಾಗೆ ಪೂರ್ತಿ ಬರೆಯಿರಿ: ಹೆಸರು, ತಾಯಿಯ ಹೆಸರು, ಊರು. ವಾಚ್‌ಮನ್‌ಗೆ ಹೇಳಿ ಕಳಿಸಬೇಡಿ, ಅವನ ಹೆಸರೂ ನಿಮಗೆ ಗೊತ್ತಿಲ್ಲ.

ನಮಸ್ಕಾರ ಈಗ ಹೇಳುವುದಿಲ್ಲ. ನೀವು ಬರೆದ ಮೇಲೆ ಹೇಳುತ್ತೇನೆ.

ಸುಗುಣಿ