ಮೂವತ್ತು ಜಾಕೆಟ್, ಇಪ್ಪತ್ತೊಂಬತ್ತು ತಲೆ

ನವೆಂಬರ್ 4, ಮಂಗಳವಾರ

ಇವತ್ತು ನಮ್ಮ ಮೃಗಾಲಯಕ್ಕೆ ಎರಡು ಶಾಲೆ. ಗಂಟಲು ಕೂತುಹೋಗಿದೆ. ಅವೇ ಪ್ರಶ್ನೆಗಳು — ಹುಲಿ ಹಲ್ಲುಜ್ಜುತ್ತಾ, ಹುಲಿಗೆ ಜ್ವರ ಬಂದ್ರೆ ಥರ್ಮಾಮೀಟರ್ ಯಾರಿಡ್ತಾರೆ. ಒಬ್ಬ ಮಹಾಶಯ ಕೇಳಿದ: "ಮಿಸ್, ನಿಮ್ಮನ್ನ ತಿಂದು ಮುಗಿಸೋಕೆ ಅದಕ್ಕೆ ಎಷ್ಟು ಹೊತ್ತು ಬೇಕು?" ಇಡೀ ಗುಂಪು ನನ್ನನ್ನು ಮೇಲಿಂದ ಕೆಳಗೆ ಅಳೆಯಿತು. "ನಿನ್ನ ಪ್ರಶ್ನೆ ಮುಗಿಯೋದ್ರೊಳಗೆ ಮುಗಿಸಿರುತ್ತೆ" ಅಂದೆ. ಟೀಚರ್‌ಗೂ ನಗು.

ಪೆಟ್ಟಿಗೆ ಆಟ ಎಂದಿನ ಹಾಗೆ ಜೋರು. ಅತ್ತೆಯನ್ನು ಒಳಕೋಣೆಗೆ ಹಾಕಿ ಬಾಗಿಲು ಇಳಿಸಿದ ಮೇಲೆ ಮಕ್ಕಳು ಖಾಲಿ ಅಂಗಳಕ್ಕೆ ಹೋಗಿ, ತಾವೇ ಬಣ್ಣ ಬಳಿದ ರಟ್ಟಿನ ಪೆಟ್ಟಿಗೆಗಳನ್ನು ಅಲ್ಲಲ್ಲಿ ಇಟ್ಟು ಬರುತ್ತಾರೆ. ಆಮೇಲೆ ಎಲ್ಲರೂ ಬೇಲಿಯಾಚೆ, ಅಟ್ಟಣೆಯ ಮೇಲೆ. ಅತ್ತೆ ಹೊರಬಂದು ಪೆಟ್ಟಿಗೆ ಹರಿದು ಮಾಂಸ ಹುಡುಕುವುದನ್ನು ನೋಡಿ ಕೇಕೆ. ಹೆಣ್ಣುಹುಲಿಗೆ ಈ ಹೆಸರಿಟ್ಟದ್ದು ನಮ್ಮ ಡಾಕ್ಟರಮ್ಮ — ಮಾತಾಡಲ್ಲ, ಆದ್ರೆ ಎಲ್ಲಾ ನೋಡ್ತಿರುತ್ತೆ ಅಂತ. ಮನೆಯಲ್ಲಿ ಈ ಹೆಸರು ಬಾಯಿ ಬಿಟ್ಟಿಲ್ಲ. ನಿಜವಾದ ಅತ್ತೆಯ ಕಿವಿ ಚುರುಕು.

ನನ್ನ ಹಾಗೇ ಗೈಡ್ ಕೆಲಸಕ್ಕೆ ಸೇರಿರುವ ಹೊಸ ಮಿಸ್‌ಗೆ ಜಾಕೆಟ್ ಲೆಕ್ಕ ಹೇಳಿಕೊಟ್ಟೆ. ಅಂಗಳಕ್ಕೆ ಹೋಗುವ ಪ್ರತಿ ಮಗುವಿಗೂ ಹಳದಿ ಜಾಕೆಟ್, ಹೊರಬಂದಾಗ ಗೋಡೆಯ ಗೂಟಕ್ಕೆ ವಾಪಸ್. ನಿಯಮ ಏನೋ ತಲೆ ಎಣಿಸಿ ಅನ್ನುತ್ತದೆ. ತಲೆಗಳು ಒಂದು ಕಡೆ ನಿಂತರೆ ತಾನೆ? ಜಾಕೆಟ್ ನಿಲ್ಲುತ್ತದೆ. ಕೊಟ್ಟಷ್ಟೂ ಜಾಕೆಟ್ ಗೂಟಕ್ಕೆ ಬಂದರೆ ಮಕ್ಕಳೆಲ್ಲ ಹೊರಗೆ. "ಎಷ್ಟು ಸುಲಭ ಅಕ್ಕಾ!" ಅಂದಳು. ಆರು ವರ್ಷದ ಅನುಭವಮ್ಮಾ ಅಂತ ಜಂಬ ಕೊಚ್ಚಿಕೊಂಡೆ.

ನವೆಂಬರ್ 6, ಗುರುವಾರ, ಸಂಜೆ 7

ಏನೂ ಆಗಲಿಲ್ಲ. ಏನೂ ಆಗಲಿಲ್ಲ. ದೇವರೇ.

ನವೆಂಬರ್ 9, ಭಾನುವಾರ, ಬೆಳಿಗ್ಗೆ 11

ಬರೆಯದಿದ್ದರೆ ತಲೆ ಸಿಡಿಯುತ್ತದೆ. ಮಗ, ಅವನಪ್ಪ, ಅತ್ತೆ ಮೂವರೂ ಪಾರ್ಕಿಗೆ ಹೋಗಿದ್ದಾರೆ. ಬಾಗಿಲಿಗೆ ಚಿಲಕ ಹಾಕಿ ಕೂತಿದ್ದೇನೆ.

ಗುರುವಾರ. ಎರಡನೇ ಕ್ಲಾಸಿನ ಮೂವತ್ತು ಮಕ್ಕಳು. ಪೆಟ್ಟಿಗೆ ಇಟ್ಟಾಯಿತು, ಹೊರಬಂದಾಯಿತು, ಎರಡೂ ಗೇಟಿಗೆ ಬೀಗ ಹಾಕಿದೆ. ಟೀಚರ್ ಮಕ್ಕಳನ್ನು ಅಟ್ಟಣೆಯ ಮೆಟ್ಟಿಲ ಕಡೆ ಕರೆದೊಯ್ದರು. ನಾನು ಗೂಟ ನೋಡಿದೆ. ಮೂವತ್ತೂ ಹಳದಿ. ಬೇಲಿಯ ಪಕ್ಕಕ್ಕೆ ಬಂದು ವಾಕಿಟಾಕಿಯಲ್ಲಿ ಹೇಳಿದೆ — "ಚಿಕ್ಕಪ್ಪ, ಮೂವತ್ತಾಯ್ತು. ಬಿಡಬಹುದು."

ಹುಲಿ ನೋಡಿಕೊಳ್ಳುವವರನ್ನು ನಾವೆಲ್ಲ ಚಿಕ್ಕಪ್ಪ ಅನ್ನುತ್ತೇವೆ. ಇಪ್ಪತ್ತಾರು ವರ್ಷದ ಸರ್ವಿಸ್. ಬಾಗಿಲೆತ್ತುವ ಸರಪಳಿ ಇರುವುದು ಒಳಕೋಣೆಯ ಹಿಂದೆ, ಅಲ್ಲಿಂದ ಅಂಗಳ ಕಾಣುವುದಿಲ್ಲ. ನಾನು ಬಿಡಿ ಅಂದರೆ ಬಿಡುತ್ತಾರೆ, ಅಷ್ಟೆ.

ಬಾಗಿಲು ಒಂದು ಗೇಣು ಎದ್ದು ಸಿಕ್ಕಿಕೊಂಡಿತು. ಯಾವಾಗಲೂ ಹಾಗೇ, ಕಂಬಿಗೆ ತುಕ್ಕು. ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿದರೇ ಮೇಲೇಳುವುದು. ಕೆಳಗಿನ ಸಂದಿಯಿಂದ ಅತ್ತೆಯ ಪಂಜ ಹೊರಗೆ ಬಂತು. ಆಗಲೇ ಬಿದ್ದ ಮರದ ಹಿಂದಿನ ನೀಲಿ ಪೆಟ್ಟಿಗೆ ಅಲ್ಲಾಡಿತು. ಗಾಳಿ ಅಂದುಕೊಂಡೆ. ಒಂದೆಲೆಯೂ ಅಲುಗುತ್ತಿರಲಿಲ್ಲ. ಪೆಟ್ಟಿಗೆಯ ತೂತಿನಿಂದ ಒಂದು ಬೆರಳು ಹೊರಬಂದು, ಮತ್ತೆ ಒಳಗೆ ಹೋಯಿತು.

ಕಿರುಚಲಿಲ್ಲ. ನನ್ನ ದನಿ ಶಾಂತವಾಗಿತ್ತು. "ಇಳಿಸಿಬಿಡಿ ಚಿಕ್ಕಪ್ಪ." "ಯಾಕಮ್ಮಾ?" "ಯಾರೋ ನೀರಿನ ಬಾಟಲಿ ಬಿಟ್ಟಿದ್ದಾರೆ." ಅವರು ಒಳಗಿಂದ ಕೋಲು ಬಡಿದರು, ಪಂಜ ಹಿಂದೆ ಹೋಯಿತು, ಬಾಗಿಲು ಇಳಿಯಿತು. "ಚಿಲಕ ಹಾಕ್ದೆ, ಹೋಗಮ್ಮ." ಬೀಗದ ಕೈ ಎರಡು ಸಲ ಕೆಳಗೆ ಬಿತ್ತು.

ಓಡಿದೆ. ಪೆಟ್ಟಿಗೆ ತೆರೆಯಲಿಲ್ಲ. ತೆರೆದರೆ ಅಟ್ಟಣೆಗೆ ಕಾಣುತ್ತದಲ್ಲ. ಅಂಥ ಹೊತ್ತಿನಲ್ಲೂ ಆ ಯೋಚನೆ ಬಂತು ನೋಡು, ಅದೇ ಹೇಸಿಗೆ. ಪೆಟ್ಟಿಗೆ ಸಮೇತ ಎತ್ತಿಕೊಂಡು ನಡೆದೆ. ಒಳಗೆ ಕಿಸಕ್ಕನೆ ನಗು. ಕಬ್ಬಿಣದ ಬಾಗಿಲ ಆ ಕಡೆಯಿಂದ ಬುಸ್ ಅನ್ನುವ ಉಸಿರು, ನನ್ನ ಹೆಜ್ಜೆಯ ಜೊತೆಜೊತೆಗೇ ಪಕ್ಕಕ್ಕೆ ಸರಿಯುತ್ತಿತ್ತು.

ಗೇಟಿನಾಚೆ ಇಳಿಸಿದೆ. ಎರಡು ಜುಟ್ಟಿನ, ಮುಂದಿನ ಹಲ್ಲಿಲ್ಲದ ಹುಡುಗಿ. ಜಾಕೆಟ್ ಸೆಕೆ ಅಂತ ಗೆಳತಿಯ ಕೈಗೆ ಕೊಟ್ಟಳಂತೆ, ನಂದೂ ತಗುಲಿಹಾಕ್ಬಿಡು ಅಂತ. "ಹುಲಿ ಪೆಟ್ಟಿಗೆ ಹೆಂಗೆ ತೆಗೆಯುತ್ತೆ ಅಂತ ಒಳಗಿಂದ ನೋಡೋಣ ಅಂತ ಮಿಸ್." ಮಂಡಿಯೂರಿ ಅವಳ ಭುಜ ಹಿಡಿದು ಹೇಳಿದೆ — "ಇದು ನಮ್ಮಿಬ್ಬರ ಗುಟ್ಟು. ಯಾರಿಗೂ ಹೇಳಬಾರದು. ಪ್ರಾಮಿಸ್?" "ಪ್ರಾಮಿಸ್." ಟೀಚರ್‌ಗೆ, ಬಾತ್‌ರೂಮಿಗೆ ಹೋಗಿದ್ಳು ಅಂದೆ.

ಆಮೇಲೆ ಬಾಗಿಲು ಎತ್ತಿಸಿದೆ. ಅತ್ತೆ ಹೊರಬಂದವಳು ಬೇರೆ ಯಾವ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ನೆಟ್ಟಗೆ ಬಿದ್ದ ಮರದ ಹಿಂದೆ ಹೋಗಿ ನೀಲಿ ಪೆಟ್ಟಿಗೆ ಇದ್ದ ಖಾಲಿ ಜಾಗ ಮೂಸುತ್ತಾ ನಿಂತಳು. ತುಂಬ ಹೊತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

ನವೆಂಬರ್ 13, ಗುರುವಾರ

ಈ ವಾರ ಪ್ರತಿ ತಲೆಯನ್ನೂ ಮುಟ್ಟಿ ಎಣಿಸಿದೆ. ಎಣಿಸಿದ ಮೇಲೆ ಇನ್ನೊಮ್ಮೆ. ಮತ್ತೊಮ್ಮೆ. ಒಬ್ಬಳು ಟೀಚರ್ ಮುಖ ಸಿಂಡರಿಸಿದಳು — "ನಾವೇನು ಕುರಿ ತಂದಿದೀವಾ ಮೇಡಂ?" ಬಿಡಬಹುದು ಅನ್ನುವ ಒಂದು ಮಾತಿಗೆ ನಾಲಿಗೆ ಹೊರಳುವುದಿಲ್ಲ. ಚಿಕ್ಕಪ್ಪ ಎರಡು ಸಲ "ಹಲೋ? ಹಲೋ?" ಅಂದರು.

ಮನೆಯಲ್ಲೂ ಎಣಿಸುತ್ತೇನೆ. ಚಮಚ, ಲೋಟ. ಬಾಗಿಲ ಬಳಿ ಬಗ್ಗಿದ್ದಾಗ ಅತ್ತೆ ಹಿಂದೆ ನಿಂತಿದ್ದರು. "ಅದೆಷ್ಟು ಸಲ ಎಣಿಸ್ತೀಯೇ ಚಪ್ಪಲೀನ? ಓಡಿಹೋಗ್ತಾವಾ?" ನಕ್ಕೆ. ಅವರು ನಗಲಿಲ್ಲ. "ಏನೋ ನುಂಗ್ಕೊಂಡಿದೀಯ. ಉಗುಳಿಬಿಡು" ಅಂದು ಒಳಗೆ ಹೋದರು.

ನವೆಂಬರ್ 19, ಬುಧವಾರ

ಆ ಶಾಲೆಯಿಂದ ಕವರು. ಥ್ಯಾಂಕ್ಯೂ ಚಿತ್ರಗಳು. ನಮ್ಮ ಡೈರೆಕ್ಟರ್ ಸರ್ ತಾವೇ ನಿಂತು ಆಫೀಸಿನ ಬೋರ್ಡಿಗೆ ಪಿನ್ ಚುಚ್ಚುತ್ತಿದ್ದರು. "ಬನ್ರಿ ಬನ್ರಿ, ನಿಮ್ಮನ್ನ ಹಮಾಲಿ ಮಾಡಿಟ್ಟಿದ್ದಾಳೆ ಒಬ್ಳು!"

ಹೆಂಗಸೊಬ್ಬಳು ಪೆಟ್ಟಿಗೆ ಹೊತ್ತಿದ್ದಾಳೆ. ನೀಲಿ ಪೆಟ್ಟಿಗೆ. ಅದಕ್ಕೆ ಎರಡು ಕಣ್ಣು. ಪಕ್ಕದಲ್ಲಿ ಕಪ್ಪು ಬಾಗಿಲು, ಅಡಿಯಲ್ಲಿ ಐದು ಉಗುರು. "ಪೆಟ್ಟಿಗೆಗೂ ಕಣ್ಣಿಟ್ಟಿದ್ದಾಳಲ್ಲ, ಮಕ್ಕಳ ಕಲ್ಪನೆಯೇ ಕಲ್ಪನೆ!" ಸರ್‌ಗೆ ಖುಷಿಯೋ ಖುಷಿ. ಮುಂದಿನ ತಿಂಗಳಿಂದ ಪೆಟ್ಟಿಗೆ ಆಟ ದಿನಕ್ಕೆರಡು ಸಲವಂತೆ. ಫ್ರಿಜ್ ಅಂಗಡಿಯವರನ್ನು ಕೇಳಿ ದೊಡ್ಡ ರಟ್ಟಿನ ಪೆಟ್ಟಿಗೆ ತರಿಸುತ್ತಾರಂತೆ.

ಆಫೀಸಿಗೆ ಬೀಗ ಹಾಕುವಾಗ ಆ ಚಿತ್ರ ಕಿತ್ತುಕೊಂಡೆ. ಗಾಳಿಗೆ ಹಾರಿಹೋಯ್ತೇನೋ ಅನ್ನೋಣ ಅಂತ. ಮೂವತ್ತೆಂಟು ವರ್ಷದವಳು ಮಗುವಿನ ಚಿತ್ರ ಕದಿಯುವ ಮಟ್ಟಕ್ಕೆ ಬಂದೆ.

ನವೆಂಬರ್ 24, ಸೋಮವಾರ

ಚಿಕ್ಕಪ್ಪ ಕರೆದರು, ಏನೋ ತೋರಿಸಬೇಕಂತೆ. ಮುಖದ ತುಂಬ ನಗು. ಭಾನುವಾರ ವೆಲ್ಡರ್ ಬಂದು ಬಾಗಿಲಿನ ಕಂಬಿ ಬದಲಾಯಿಸಿದ್ದಾನೆ. ಒಂದೇ ಕೈಯಲ್ಲಿ ಸರಪಳಿ ಎಳೆದರು. ಸರ್ರ್ — ತಲೆಯ ಮಟ್ಟಕ್ಕೆ ಎದ್ದುಬಿಟ್ಟಿತು. "ಬೆಣ್ಣೆ ಕಣಮ್ಮ, ಬೆಣ್ಣೆ! ಎಷ್ಟು ವರ್ಷದಿಂದ ಬಡ್ಕೋತಿದ್ದೆ ಸರ್ ಹತ್ರ."

ಚೆನ್ನಾಗಿದೆ ಚಿಕ್ಕಪ್ಪ ಅಂದೆ. ಆ ಹುಡುಗಿಯನ್ನು ಉಳಿಸಿದ್ದು ನಾನಲ್ಲ. ತುಕ್ಕು. ಈಗ ಅದೂ ಇಲ್ಲ.

ನವೆಂಬರ್ 26, ಬುಧವಾರ

ಹೊಸ ಮಿಸ್‌ಗೆ ಹೇಳಿದೆ, ಜಾಕೆಟ್ ನೋಡಬೇಡ, ತಲೆ ಎಣಿಸು. "ನೀವೇ ಹೇಳ್ಕೊಟ್ಟಿದ್ದಲ್ವಾ ಅಕ್ಕಾ?" ಈಗ ಬೇಡ ಅಂತಿದೀನಲ್ಲ. "ಯಾಕೆ, ಏನಾಯ್ತು?" ಏನಿಲ್ಲ, ನಿಯಮ ಹಾಗಿದೆ. ಸರಿ ಅಕ್ಕ ಅಂದಳು. ಮಧ್ಯಾಹ್ನ ನೋಡಿದರೆ ಗೂಟದ ಕಡೆ ಕಣ್ಣಾಡಿಸಿ ವಾಕಿಟಾಕಿ ಬಾಯಿಗೆ ಹಿಡಿದಿದ್ದಾಳೆ. ಅವಳನ್ನೇನು ಬೈಯುವುದು. ಯಾಕೆ ಅಂತ ಗೊತ್ತಿಲ್ಲದವಳು ಯಾಕೆ ಕೇಳಿಯಾಳು?

ಸರ್ ಕೋಣೆಯವರೆಗೆ ಹೋದೆ. ಫೋನಿನಲ್ಲಿದ್ದರು. ಕೂತ್ಕೊಳ್ಳಿ ಅಂತ ಕೈ ತೋರಿಸಿದರು. ಎದ್ದು ಬಂದುಬಿಟ್ಟೆ. ಕೆಲಸ ಹೋಗುತ್ತದೆ, ಅದೊಂದೇ ಅಲ್ಲ. ಚಿಕ್ಕಪ್ಪನನ್ನೂ ಎಳೆಯುತ್ತಾರೆ, ಸರಪಳಿ ಅವರ ಕೈಯಲ್ಲಿತ್ತು. ಪ್ರವಾಸವೇ ನಿಂತುಹೋಗುತ್ತದೆ. ಹೀಗೆ ಒಂದೊಂದೇ ನೆಪ ಸಿಗುತ್ತಾ ಹೋಗುತ್ತದೆ. ನಿಜ ಅಂದರೆ ಹೆದರಿಕೆ. ನಾನು ಹೇಡಿ.

ನವೆಂಬರ್ 30, ಭಾನುವಾರ

ಮಗ ಚೀಟಿ ಹಿಡಿದು ಕುಣಿಯುತ್ತಿದ್ದಾನೆ. ಮಂಗಳವಾರ ಅವರ ಕ್ಲಾಸು ನಮ್ಮಲ್ಲಿಗೆ. ಮೂವತ್ತೆರಡು ಮಕ್ಕಳು. ಸ್ವಂತ ಮಕ್ಕಳಿರುವ ಗುಂಪಿಗೆ ನಾವು ಗೈಡ್ ಆಗುವಂತಿಲ್ಲ. ಹೊಸ ಮಿಸ್‌ಗೆ ಹಾಕಿದ್ದಾರೆ.

ಹೋಗಬೇಡ ಅಂದೆ. ಯಾಕೆ? ನಿಂಗೆ ಕೆಮ್ಮಿದೆ. "ಕೆಮ್ಮಿಲ್ಲ!" ಅತ್ತು ರಂಪ. ಅವನಪ್ಪ "ಅವನ ಅಮ್ಮನೇ ಹುಲಿ ಮಿಸ್, ಅವನೊಬ್ಬನೇ ಹೋಗ್ಬಾರ್ದಾ? ಏನಾಗಿದೆ ನಿಂಗೆ?" ಅಂದರು. ಏನು ಹೇಳಲಿ? ಕಣ್ಣಾಮುಚ್ಚಾಲೆಯಲ್ಲಿ ಇವನು ಮಂಚದಡಿಯ ಸೂಟ್‌ಕೇಸಿನೊಳಗೆ ಮಡಚಿಕೊಂಡು ಅರ್ಧ ಗಂಟೆ ಉಸಿರೆತ್ತದವನು.

ಡಿಸೆಂಬರ್ 2, ಮಂಗಳವಾರ, ಬೆಳಿಗ್ಗೆ 6.10

ನಿದ್ದೆ ಇಲ್ಲ. ಎಂಟಕ್ಕೆ ಸರ್ ಬರುತ್ತಾರೆ. ಹೇಳಿಬಿಡುತ್ತೇನೆ. ಮಗ ಎದ್ದು ತಲೆ ಬಾಚಿಕೊಂಡು ಕೂತಿದ್ದಾನೆ.

ಅದೇ ದಿನ, ಮಧ್ಯಾಹ್ನ 3.30

ಸರ್ ಎಂಟಕ್ಕೆ ಬರಲಿಲ್ಲ. ಬಂದದ್ದು ಹತ್ತೂವರೆಗೆ, ಯಾರೋ ಅತಿಥಿಗಳ ಜೊತೆ. ಅಷ್ಟರಲ್ಲಿ ಮಕ್ಕಳು ಅಂಗಳದಲ್ಲಿ. ನಾನು ಆಫೀಸಿನಲ್ಲಿ, ಮೇಜಿನ ಮೇಲೆ ವಾಕಿಟಾಕಿ. ಹೊಸ ಮಿಸ್ ದನಿ ಬಂತು — "ಚಿಕ್ಕಪ್ಪ, ಮೂವತ್ತೆರಡೂ ಆಯ್ತು. ಬಿಡ—"

"ಬಿಡಬೇಡಿ! ಚಿಕ್ಕಪ್ಪ, ಬಿಡಬೇಡಿ! ತಲೆ ಎಣಿಸಿಲ್ಲ ಅವಳು, ಜಾಕೆಟ್ ಎಣಿಸಿರೋದು!"

ಎಲ್ಲರ ವಾಕಿಟಾಕಿಯಲ್ಲೂ ಕೇಳಿರಬೇಕು ಆ ಕಿರುಚಾಟ. ಚಪ್ಪಲಿ ಎಲ್ಲಿ ಬಿತ್ತೋ. ಓಡಿಹೋಗಿ ಅಟ್ಟಣೆಯ ಮೇಲೆ ಒಬ್ಬೊಬ್ಬರ ತಲೆ ಮುಟ್ಟಿದೆ. ಮೂವತ್ತೆರಡು. ಸರಿಯಾಗಿ ಮೂವತ್ತೆರಡು. ಇಪ್ಪತ್ತೇಳನೆಯದು ಮಗ. ಅವನ ಮುಖ ಕೆಂಪೇರಿತ್ತು. "ಅಮ್ಮಾ, ಎಲ್ಲರೂ ನೋಡ್ತಿದಾರೆ" ಅಂದ, ಹಲ್ಲು ಕಚ್ಚಿ.

ಸರ್ ಮೆಟ್ಟಿಲ ಕೆಳಗೆ. "ಎಲ್ಲಾ ಸರಿಯಾಗೇ ಇದೆಯಲ್ರೀ? ಏನ್ರೀ ಇದು ಹುಚ್ಚಾಟ?" ಹೌದು ಸರ್, ತಪ್ಪಾಯ್ತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಗಿಲು ತೆರೆದೇ ಇತ್ತು ನನಗೆ ಜಾರಿಕೊಳ್ಳಲು. ಅದೇ ನನ್ನನ್ನು ಹೆದರಿಸಿತು.

"ಇವತ್ತು ಸರಿಯಾಗಿದೆ ಸರ್. ಆವತ್ತು ಇರಲಿಲ್ಲ."

ಹೇಳಿದೆ. ಪೂರ್ತಿ. ಬಾಟಲಿ, ಬಾತ್‌ರೂಮು, ಕದ್ದ ಚಿತ್ರ, ಎಲ್ಲಾ. ಸರ್ ಅತಿಥಿಗಳನ್ನು ಕಳಿಸಿಕೊಟ್ಟರು. ಹೊಸ ಮಿಸ್ ಗೋಡೆಗೆ ಒರಗಿದಳು. ಚಿಕ್ಕಪ್ಪ ಯಾವಾಗ ಬಂದು ನಿಂತಿದ್ದರೋ ಗೊತ್ತಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತರು. "ನನ್ ಕೈಲಿ ಮಾಡಿಸ್ತಿದ್ಯಲ್ಲಮ್ಮ. ನಂಗೊಂದ್ ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?" ಕಾಲು ಹಿಡಿಯೋಣ ಅಂತ ಬಗ್ಗಿದೆ. ಎದ್ದು ಹೋಗಿಬಿಟ್ಟರು.

ಪೆಟ್ಟಿಗೆ ಆಟ ನಿಂತಿದೆ. ನಾಳೆಯಿಂದ ನಾನು ಬರುವಂತಿಲ್ಲ. ಹುಡುಗಿಯ ಮನೆಗೆ ಕಾಗದ ಬರೆಯುತ್ತೇವೆ ಅಂದರು ಸರ್. ಬೇಡ ಸರ್, ನಾನೇ ಫೋನ್ ಮಾಡ್ತೀನಿ ಅಂದೆ.

ಸಂಜೆ 5.40

ಮಾಡಿದೆ. ಅವಳ ಅಮ್ಮ ಎತ್ತಿದರು. ಯಾರು ಅಂತ ಹೇಳಿದ ಕೂಡಲೇ ನಕ್ಕರು. "ಓ, ಹುಲಿ ಮಿಸ್ಸಾ! ನಿಮ್ಮ ಕಥೆ ಕೇಳೀ ಕೇಳೀ ಸಾಕಾಗಿದೆ ನಮಗೆ. ಪೆಟ್ಟಿಗೇಲಿ ಕೂತಿದ್ಲಂತೆ, ಹುಲಿ ಬರ್ತಿತ್ತಂತೆ, ನೀವು ಎತ್ಕೊಂಡು ಓಡಿದ್ರಂತೆ! ಮೊದಮೊದಲು ನಾವೂ ನಕ್ಕಿದ್ದೇ. ಎಷ್ಟು ಹೇಳಿದ್ರೂ ಬಿಡಲ್ಲ. ಅವರಪ್ಪಂಗೆ ಸಿಟ್ಟು ಬಂತು. ಸುಳ್ಳು ಹೇಳಲ್ಲ ಅಂತ ನೂರು ಸಲ ಬರೆಸಿದ್ರು. ನಾನೂ ಎರಡು ಬಿಟ್ಟೆ ಬೆನ್ನಿಗೆ."

"ಸುಳ್ಳಲ್ಲ ಅದು" ಅಂದೆ.

ಹೇಳುತ್ತಾ ಹೋದೆ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ — "ಬಾಗಿಲು ಎಷ್ಟು ತೆರೆದಿತ್ತು?" ಒಂದು ಗೇಣು. "ನಾನು ಹೊಡೆದೆನಲ್ರೀ ಅವಳಿಗೆ. ಸುಳ್ಳಿ ಅಂತ ಹೊಡೆದೆ." ಬೈಯಲಿ ಅಂತ ಕಾದೆ. ಬೈಯಲಿಲ್ಲ. ಪಕ್ಕದ ಮನೆಯಲ್ಲಿ ಆಡೋಕೆ ಹೋಗಿದ್ದಾಳೆ, ಆರಕ್ಕೆ ಬರ್ತಾಳೆ, ಅವಳ ಕೈಲೇ ಫೋನ್ ಮಾಡಿಸ್ತೀನಿ, ಏನು ಹೇಳ್ಬೇಕೋ ಅವಳಿಗೇ ಹೇಳಿ — ಅಂದು ಇಟ್ಟರು.

5.55

ಹುಲಿಗೆ ಹೆದರಿದ್ದೆ, ಸರ್‌ಗೆ ಹೆದರಿದ್ದೆ. ಹಲ್ಲಿಲ್ಲದ ಏಳು ವರ್ಷದವಳಿಗೆ ಹೆದರಿದಷ್ಟು ಯಾರಿಗೂ ಹೆದರಿಲ್ಲ. ಅತ್ತೆ ಬಂದು ಪಕ್ಕದಲ್ಲಿ ಕೂತಿದ್ದಾರೆ. ಮಗ ಮಾತು ಬಿಟ್ಟು ರೂಮಿನಲ್ಲಿದ್ದಾನೆ.

ಮೊದಲು ಏನು? ಸಾರಿ ಅನ್ನಲಾ? ಅದಕ್ಕೂ ಮೊದಲು — ನೀನು ಹೇಳಿದ್ದು ನಿಜ ಪುಟ್ಟಾ. ಗುಟ್ಟು ಅಂದದ್ದು ನನ್ನ ತಪ್ಪು, ಹೇಳಿದ್ದು ನಿನ್ನ ತಪ್ಪಲ್ಲ. ಆಮೇಲೆ... ಅವಳು ಕೇಳಿದರೆ — ಮತ್ತೆ ಯಾಕೆ ಮಿಸ್ ಇಷ್ಟು ದಿನ ನೀವು

ಫೋನ್. ಅವಳೇ. ಎತ್ತುತ್ತೇನೆ.