ಒಲೆ ಪಕ್ಕದ ಕ್ಲಾಸು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಬ್ಬೀ,

ನಿನ್ನ ಎರಡು ಪತ್ರಕ್ಕೂ ಉತ್ತರವಿಲ್ಲವೆಂದು ಮೂತಿ ಉಬ್ಬಿಸಿಕೊಂಡಿರುತ್ತೀಯ, ಗೊತ್ತು. ಉಬ್ಬಿಸಿಕೋ, ತಪ್ಪು ನನ್ನದೇ. ನಿನ್ನ ಕೆಮ್ಮು ಹೋಯಿತೇ? ಇಲ್ಲಿ ಎಲ್ಲರೂ ಕ್ಷೇಮ.

ನಾವು ನಾಲ್ವರು ಲೆಕ್ಚರರ್‌ಗಳು ಸೇರಿ ಚಿತ್ರ ಬರೆದೆವು ಎಂದರೆ ನಗುತ್ತೀಯ. ಆಟವಲ್ಲ ಕಣೇ, ಸಂಶೋಧನೆ! ಸಾಂಕ್ರಾಮಿಕದ ಕಾಲದಲ್ಲಿ ಎಲ್ಲಿ ಕೂತು, ಹೇಗೆ ಪಾಠ ಮಾಡಿದೆವು ಎಂಬುದನ್ನು ಬಣ್ಣದಲ್ಲಿ ಹೇಳುವುದು. ಒಬ್ಬರ ಚಿತ್ರಕ್ಕೆ ಉಳಿದವರು ಏನಾದರೂ ಸೇರಿಸಬೇಕು, ಅಳಿಸುವಂತಿಲ್ಲ.

ನಾನು ಅಡುಗೆಮನೆ ಬರೆದೆ. ನಿನ್ನ ಮುದ್ದಿನ ಭಾವ ರೂಮಿನ ಬಾಗಿಲು ಹಾಕಿಕೊಂಡು ಮೀಟಿಂಗ್ ಮಾಡುತ್ತಿದ್ದರಲ್ಲ, ನನಗೆ ಉಳಿದದ್ದು ಒಲೆಗೂ ಫ್ರಿಜ್ಜಿಗೂ ನಡುವಿನ ಮೂಲೆ. ಎದ್ದರೆ ತಲೆಗೆ ಕಪಾಟು ಬಡಿಯುತ್ತಿತ್ತು. ಹುಡುಗರಿಗೆ ಇತಿಹಾಸ ಹೇಳುತ್ತಲೇ ಹಾಲು ಉಕ್ಕದಂತೆ ಕಾಯುತ್ತಿದ್ದೆ. ಉಸಿರು ಕಟ್ಟಿಹೋಗಿತ್ತು. ಅದಕ್ಕೇ ಚಿತ್ರದ ತುಂಬಾ ಕಪ್ಪು ಬಳಿದೆ.

ಗಣಿತದ ಮೇಡಂಗೆ ಕರುಳು ಚುರ್ ಎಂದಿತು. "ಅಯ್ಯೋ ಪಾಪ, ಒಂದು ಕಿಟಕಿ ಆದ್ರೂ ಇರ್ಲಿ ರೀ" ಎಂದು ಕಿಟಕಿ ಬರೆದೇಬಿಟ್ಟರು. ಇನ್ನೊಬ್ಬರು ಹೂಬಳ್ಳಿ ಹಬ್ಬಿಸಿದರು. ಮತ್ತೊಬ್ಬರು ಬೆಕ್ಕು ತಂದು ಮಲಗಿಸಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ಕಾಲೇಜಿನಲ್ಲಿ ಈ ಚಿತ್ರಗಳ ಪ್ರದರ್ಶನವಿಟ್ಟ ದಿನ ಪ್ರಿನ್ಸಿಪಾಲರು ನನ್ನದರ ಮುಂದೆಯೇ ನಿಂತರು. "ಎಷ್ಟು ನೆಮ್ಮದಿಯಾಗಿದೆ ಮೇಡಂ ನಿಮ್ಮ ಮೂಲೆ!" ಎಂದರು. ಮೊನ್ನೆ ನೋಟಿಸು ಬಂತು: ಇನ್ನು ಮುಂದೆ ನಾನು ಮನೆಯಿಂದಲೇ ಆನ್‌ಲೈನ್ ತರಗತಿ ತೆಗೆದುಕೊಳ್ಳಬೇಕು. ಕಾಲೇಜಿನ ನನ್ನ ರೂಮು ಹೊಸಬರಿಗೆ.

ಅಂಗೈಯಗಲವಾದರೂ ಅದು ನನ್ನ ರೂಮು, ಗುಬ್ಬೀ. ಕಾಲೇಜು ತೆರೆದ ಮೇಲೆ ಅಲ್ಲಿ ಕೂತಾಗಲೇ ನಾನು ಉಸಿರಾಡಿದ್ದು. ಉಪ್ಪೆಲ್ಲಿದೆ, ಟವೆಲ್ಲೆಲ್ಲಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮತ್ತೆ ಆ ಮೂಲೆಗೆ ಹೋಗಲಾರೆ, ಭಯವಾಗುತ್ತದೆ. ನಾಳೆ ಹೋಗಿ ಜಗಳವಾಡುತ್ತೇನೆ, ಬೀಗದ ಕೈ ಇನ್ನೂ ಕೊಟ್ಟಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ. ನೀನೂ ನೂರು ಕಾಲ ಚೆನ್ನಾಗಿರು, ಬಿಸಿನೀರು ಕುಡಿ.

ನಿನ್ನ
ಅಕ್ಕ

ತಾ.ಕ.: ಸೋಮವಾರ. ಹೋಗಿ ಬಂದೆ. ನನ್ನ ಕೂಗಾಟಕ್ಕೆ ಪ್ರಿನ್ಸಿಪಾಲರು ಬೆಪ್ಪಾದರು. "ನಿಮ್ಮ ಯಜಮಾನ್ರೇ ಬಂದು ಕೇಳ್ಕೊಂಡ್ರಲ್ಲ ಮೇಡಂ, ಅವಳಿಗೆ ಮನೆಯಿಂದ್ಲೇ ಅನುಕೂಲ ಅಂತ. ಚಿತ್ರ ನೋಡಿ ನಂಗೂ ಹೌದು ಅನ್ನಿಸ್ತು."

ಮನೆಗೆ ಬಂದರೆ ನಿನ್ನ ಭಾವ ಒಲೆಯ ಪಕ್ಕಕ್ಕೆ ಹೊಸ ಮೇಜು ತಳ್ಳುತ್ತಿದ್ದರು. ಅಳತೆ ಕೊಟ್ಟು ಮಾಡಿಸಿದ್ದು. ಆ ಮೂಲೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. "ನೋಡು, ಬಡಗಿ ಎರಡು ತಿಂಗಳು ಸತಾಯಿಸಿಬಿಟ್ಟ" ಎಂದು ನಕ್ಕರು.

ನೋಟಿಸು ಬಂದು ಇನ್ನೂ ವಾರವಾಗಿಲ್ಲ, ಗುಬ್ಬೀ.